ಬೈಸಿಕಲ್ಲಿನಿಂದ ನೇಗಿಲಿನವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಕರ್ನಾಟಕದಲ್ಲಿ ಸೈಕ್ಲಿಂಗ್ ಕ್ರೀಡೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಕೃಷ್ಣಾ ಹಾಗೂ ಘಟಪ್ರಭಾ ನದಿಗಳ ಆಸುಪಾಸಿನಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎರೆಭೂಮಿಯ ನಡುವೆ ಹಾದುಹೋಗುವ ನೀಳವಾದ ರಸ್ತೆಗಳು ಪೆಡಲ್ ತುಳಿಯುವವರಿಗೆ ಹೇಳಿ ಮಾಡಿಸಿದಂತಿವೆ. ಈ ಸೀಮೆಗೆ ಬೈಸಿಕಲ್ ಎಂಬ ಯಂತ್ರದ ಪರಿಚಯವಾದ ಬಗೆಯನ್ನು ಹುಡುಕುತ್ತ ಹೋದರೆ, ನೆರೆಯ ಬೆಳಗಾವಿಯ ಒಂದು ಪುಟ್ಟ ಅಂಗಡಿ ಎದುರಾಗುತ್ತದೆ. ಆ ಅಂಗಡಿಯ ಹಿಂದಿದ್ದವರು ಮುಂದೆ ಭಾರತೀಯ ಉದ್ಯಮರಂಗದ ಹಿರಿಯರೆನಿಸಿದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್.

ಚಿತ್ರಕಾರನಾಗಲು ಹೊರಟ ಹುಡುಗ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಾಂಡಿತ್ಯವುಳ್ಳವರು. ಮಗನಿಗೆ ಮಾತ್ರ ಶಾಲೆಯ ಪಾಠ ರುಚಿಸಲಿಲ್ಲ. ಮನಸ್ಸೆಲ್ಲ ಚಿತ್ರ ಬರೆಯುವುದರಲ್ಲಿ ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿತ್ತು. 1885ರಲ್ಲಿ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯದೆಂಬುದು ಅಲ್ಲಿ ಬೆಳಕಿಗೆ ಬಂತು. ವರ್ಣಚಿತ್ರದ ಆಸೆ ಅಲ್ಲಿಗೇ ಕೊನೆಗೊಂಡಿತು.

ಧೃತಿಗೆಡದ ಲಕ್ಷ್ಮಣರಾಯರು ಬಣ್ಣದ ಹಂಗಿಲ್ಲದ ಯಂತ್ರ ರೇಖಾಚಿತ್ರದತ್ತ ಹೊರಳಿದರು. ಮುಂಬಯಿಯಲ್ಲಿ ಆಗಷ್ಟೇ ಆರಂಭವಾಗಿದ್ದ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಸಹಾಯಕ ಶಿಕ್ಷಕರಾದರು. ಬಿಡುವಿನ ವೇಳೆಯನ್ನೆಲ್ಲ ಕಾರ್ಯಾಗಾರದಲ್ಲಿ ಕಳೆದು, ಯಂತ್ರಗಳ ಒಳಗುಟ್ಟನ್ನು ತಾವೇ ಕಲಿತರು.

ಬೆಳಗಾವಿಯ ಸೈಕಲ್ ಅಂಗಡಿ

ಅದು ಜಗತ್ತಿನಾದ್ಯಂತ ಬೈಸಿಕಲ್ ರೂಪಾಂತರ ಹೊಂದುತ್ತಿದ್ದ ಕಾಲ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಹಳೆಯ ವಾಹನದ ಸ್ಥಾನದಲ್ಲಿ, ಸಮನಾದ ಎರಡು ಚಕ್ರ ಹಾಗೂ ಸರಪಳಿಯುಳ್ಳ ಸುರಕ್ಷಿತ ಸೈಕಲ್ಲನ್ನು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ್ದರು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಸ್ವಾಮ್ಯ ಪಡೆದರು. ಮುಂಬಯಿಯ ಬೀದಿಗಳಲ್ಲಿ ಸೈಕಲ್ ಸವಾರರನ್ನು ಕಂಡ ತರುಣ ಶಿಕ್ಷಕನಿಗೆ ಅದರಲ್ಲಿ ವ್ಯಾಪಾರದ ದಾರಿ ಕಂಡಿತು.

1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಮಾರಾಟ ಮತ್ತು ದುರಸ್ತಿಯ ಪುಟ್ಟ ಅಂಗಡಿ ಆರಂಭವಾಯಿತು. ಮುಂಬಯಿಯಲ್ಲಿದ್ದ ಲಕ್ಷ್ಮಣರಾಯರು ಸೈಕಲ್ಲುಗಳನ್ನು ಖರೀದಿಸಿ ಕಳಿಸುತ್ತಿದ್ದರು. ಊರಿನಲ್ಲಿದ್ದ ಅಣ್ಣ ರಾಮುಅಣ್ಣನವರು ಮಾರಾಟ ನೋಡಿಕೊಳ್ಳುತ್ತಿದ್ದರು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರಿನ ಮೂಲ ಇದೇ. ಆ ವ್ಯಾಪಾರ ನಡೆದ ಬೀದಿಯನ್ನು ಬೆಳಗಾವಿಯವರು ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಕರೆಯುತ್ತಾರೆ.

ಆಗ ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿ. ಸಾಮಾನ್ಯ ನೌಕರನೊಬ್ಬನ ಹಲವು ವರ್ಷಗಳ ಸಂಬಳಕ್ಕೆ ಸಮನಾದ ಮೊತ್ತವದು. ಕೊಳ್ಳುವವರು ಅಧಿಕಾರಿಗಳು, ವಕೀಲರು, ಶ್ರೀಮಂತರು. ಕೊಂಡವರಿಗೂ ಅದನ್ನು ಏರಲು ಬರುತ್ತಿರಲಿಲ್ಲ. ಆದ್ದರಿಂದ ಸವಾರಿ ಕಲಿಸುವ ಹೊಣೆಯನ್ನೂ ಕಿರ್ಲೋಸ್ಕರ್ ಸೋದರರೇ ಹೊತ್ತರು. ಅದಕ್ಕೆ 15 ರೂಪಾಯಿ ಶುಲ್ಕ. ಕೆಟ್ಟ ಸೈಕಲ್ ಮತ್ತೆ ಅದೇ ಅಂಗಡಿಗೆ ಬರುತ್ತಿತ್ತು. ಯಂತ್ರವನ್ನು ಮಾರಿದರಷ್ಟೇ ಸಾಲದು, ಬಳಸಲು ಕಲಿಸಬೇಕು, ಕೆಟ್ಟಾಗ ಸರಿಪಡಿಸಿ ಕೊಡಬೇಕು ಎಂಬುದು ಅವರ ಉದ್ಯಮಜೀವನದ ಮೊದಲ ಪಾಠವಾಯಿತು.

ನೇಗಿಲಿಗೆ ಎದುರಾದ ಅಪನಂಬಿಕೆ

ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಲಕ್ಷ್ಮಣರಾಯರು ಮುಂಬಯಿಯ ನೌಕರಿಗೆ ರಾಜೀನಾಮೆ ನೀಡಿ ಬೆಳಗಾವಿಗೆ ಮರಳಿದರು. ಸೈಕಲ್ ರಿಪೇರಿಯ ಜೊತೆಗೆ ರೈತರಿಗೆ ಉಪಯುಕ್ತವಾದ ಯಂತ್ರಗಳ ತಯಾರಿಕೆಗೆ ತೊಡಗಿದರು. ಮೊದಲು ಸಿದ್ಧವಾದದ್ದು ಮೇವು ಕತ್ತರಿಸುವ ಯಂತ್ರ. ಬಳಿಕ ಕಬ್ಬಿಣದ ನೇಗಿಲು ಬಂತು.

ಜೋಳ, ಹತ್ತಿ ಬೆಳೆಯುವ ಎರೆನೆಲ ಮಳೆಗಾಲದಲ್ಲಿ ಅಂಟಾಗಿ, ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಆಳಕ್ಕೆ ಬೇರಿಳಿಸುವ ಕಳೆಯನ್ನು ಕಿತ್ತೆಸೆಯಲು ಮರದ ನೇಗಿಲಿಗೆ ಶಕ್ತಿ ಸಾಲದು. ಆದರೂ ರೈತರು ಹೊಸ ನೇಗಿಲನ್ನು ಮುಟ್ಟಲಿಲ್ಲ. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂಬ ಭಯ ಅವರಲ್ಲಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಅವರು ರೈತರನ್ನು ಅಜ್ಞಾನಿಗಳೆಂದು ಜರಿಯಲಿಲ್ಲ. ಒಂದು ವರ್ಷದ ಬೆಳೆ ಕೈತಪ್ಪಿದರೆ ಮನೆಯೇ ಬರಿದಾಗುವ ಒಕ್ಕಲಿಗ, ಕಾಣದ ಸಾಧನವನ್ನು ಸುಲಭವಾಗಿ ನಂಬಲಾರ ಎಂಬುದು ಅವರಿಗೆ ತಿಳಿದಿತ್ತು. ಸೈಕಲ್ ಅಂಗಡಿಯ ಪಾಠ ಇಲ್ಲಿ ನೆರವಿಗೆ ಬಂತು. ಹೊಲದಲ್ಲಿ ಉತ್ತ ನೆಲವನ್ನು ಕಣ್ಣಾರೆ ಕಂಡ ಮೇಲೆ ರೈತರ ಸಂಶಯ ಕರಗತೊಡಗಿತು. ಕಾಲಕ್ರಮದಲ್ಲಿ ಕಿರ್ಲೋಸ್ಕರ್ ನೇಗಿಲು ಮುಂಬಯಿ ಕರ್ನಾಟಕದ ಮನೆಮಾತಾಯಿತು.

ಬಂಜರಿನಲ್ಲಿ ಎದ್ದ ಊರು

ನಗರ ವಿಸ್ತರಣೆಯ ಸಲುವಾಗಿ ಬೆಳಗಾವಿಯ ಪುರಸಭೆ ಕಾರ್ಖಾನೆಯ ಜಾಗವನ್ನು ತೆರವುಗೊಳಿಸಲು ಸೂಚಿಸಿದಾಗ ಲಕ್ಷ್ಮಣರಾಯರು ಮತ್ತೊಮ್ಮೆ ಬೀದಿಗೆ ಬಂದಂತಾಯಿತು. ಆಗ ಕೈಹಿಡಿದವರು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿ ಬಡ್ಡಿರಹಿತ ಸಾಲವನ್ನೂ ಅವರು ನೀಡಿದರು. ಪಾಪಾಸುಕಳ್ಳಿ ಬೆಳೆದು, ನಾಗರಹಾವುಗಳು ತುಂಬಿದ್ದ ಆ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ಸೆರೆವಾಸ ಮುಗಿಸಿ ಬಂದವರನ್ನು ನಂಬಿ ಕಾವಲಿಗೆ ನೇಮಿಸಿದ್ದು ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ.

ಮೊದಲ ಮಹಾಯುದ್ಧದ ವೇಳೆ ಕಬ್ಬಿಣದ ಅಭಾವ ತಲೆದೋರಿತು. ಕೊಲ್ಹಾಪುರ ಸಂಸ್ಥಾನದಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ಫಿರಂಗಿಗಳನ್ನು ಪಡೆದು, ಕರಗಿಸಿ, ನೇಗಿಲುಗಳನ್ನು ಎರಕ ಹೊಯ್ಯಲಾಯಿತು. 1926ರ ವೇಳೆಗೆ ನೀರೆತ್ತುವ ಪಂಪುಗಳ ತಯಾರಿಕೆ ಆರಂಭವಾಯಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಹುಟ್ಟಿದವು. ಲಕ್ಷ್ಮಣರಾಯರು ನಿಧನರಾದದ್ದು 1956ರ ಸೆಪ್ಟೆಂಬರ್ 26ರಂದು. ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರತಂದಿತು.

ಸೈಕಲ್ ಎಲ್ಲರದಾದ ಬಗೆ

ಸೈಕಲ್ ತಯಾರಿಕೆಯನ್ನು ಕಿರ್ಲೋಸ್ಕರರು ಕೈಗೆತ್ತಿಕೊಳ್ಳಲಿಲ್ಲ. ಅದು ಬಡವರ ಅಂಗಳಕ್ಕೆ ಬಂದದ್ದು ದೇಶದಲ್ಲಿಯೇ ಕಾರ್ಖಾನೆಗಳು ಎದ್ದ ಮೇಲೆ. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಆರಂಭಗೊಂಡವು. ಬೆಳಗಾವಿಯಲ್ಲಿ ಮೊದಲ ಸೈಕಲ್ ಮಾರಿದ ವ್ಯಕ್ತಿ ಕಣ್ಮುಚ್ಚುವ ವೇಳೆಗೆ ಸೈಕಲ್ ಜನಸಾಮಾನ್ಯರ ವಾಹನವಾಗುವ ಹಾದಿಯಲ್ಲಿತ್ತು.

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದ ಊರುಗಳು. ಅರಸೊತ್ತಿಗೆ ಹೋದರೂ ಇವುಗಳಿಗಾಗಲಿ, ಬೀಳಗಿ, ರಬಕವಿ-ಬನಹಟ್ಟಿಗಳಿಗಾಗಲಿ 20ನೇ ಶತಮಾನ ಮುಗಿಯುವವರೆಗೂ ರೈಲು ಬರಲಿಲ್ಲ. ಎತ್ತಿನ ಗಾಡಿ ಮತ್ತು ಬಸ್ಸಿನ ನಡುವಿನ ಕೊರತೆಯನ್ನು ತುಂಬಿದ್ದು ಸೈಕಲ್. ನೇಕಾರರು ನೂಲಿನ ಗಂಟನ್ನೂ ಸೀರೆಯ ಕಟ್ಟನ್ನೂ ಕ್ಯಾರಿಯರಿಗೆ ಬಿಗಿದರು. ಹಾಲಿನವರು ಕ್ಯಾನು ತೂಗುಹಾಕಿದರು. ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿಗಳಲ್ಲಿ ಮಕ್ಕಳು ಒಳಪೆಡಲ್ ತುಳಿಯಲು ಕಲಿತರು. ಜಾಲಿಮುಳ್ಳು ಚುಚ್ಚಿದ ಟ್ಯೂಬಿಗೆ ತೇಪೆ ಹಾಕುವವನು ಪ್ರತಿ ಬಸ್ ನಿಲ್ದಾಣದ ಬಳಿಯೂ ಸಿಗತೊಡಗಿದ. ಇಂಥ ನೆಲದಲ್ಲಿ ಸೈಕ್ಲಿಂಗ್ ಕ್ರೀಡೆ ಬೇರೂರಿದ್ದು ಸಹಜ.

ಇಂದು ರಸ್ತೆ ಸ್ಪರ್ಧೆಗೆ ಬೇಕಾದ ಇಂಗಾಲದ ನಾರಿನ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ ತೆರಬೇಕು. ಒಕ್ಕಲಿಗರ, ನೇಕಾರರ ಮಕ್ಕಳ ಪಾಲಿಗೆ ಅದು 1888ರ ಸೈಕಲ್ಲಿನಷ್ಟೇ ದೂರ. ಕಾಲಲ್ಲಿ ಕಸುವಿದ್ದರೂ ಯಂತ್ರವಿಲ್ಲದೆ ಸ್ಪರ್ಧೆಯಿಂದ ಹಿಂದೆ ಸರಿಯುವ ಪ್ರತಿಭೆಗಳಿಗೆ ಕ್ರೀಡಾ ವಸತಿ ನಿಲಯಗಳು ಆಸರೆಯಾಗಬೇಕಿದೆ. ಸೈಕಲ್ ಒದಗಿಸುವುದರ ಜೊತೆಗೆ ಕಲಿಸುವ ಗುರುವೂ ದುರಸ್ತಿ ಬಲ್ಲ ಕುಶಲಕರ್ಮಿಯೂ ಅಲ್ಲಿರಬೇಕು. ನೂರಮೂವತ್ತು ವರ್ಷಗಳ ಹಿಂದೆ ಕಿರ್ಲೋಸ್ಕರ್ ಸೋದರರು ಬೆಳಗಾವಿಯ ಅಂಗಡಿಯಲ್ಲಿ ಮಾಡಿ ತೋರಿಸಿದ್ದು ಈ ಮೂರು ಕೆಲಸಗಳನ್ನೇ.