ನಿದ್ರೆಯ ನೆಲೆಯನ್ನು ಅರಸಿದ ವೈದ್ಯರು

ದೀಪದ ಎಣ್ಣೆ ತೀರಿದರೆ ಬೆಳಕು ಆರುವಂತೆ, ದೇಹ ದಣಿದರೆ ನಿದ್ರೆ ತಾನಾಗಿ ಬರುತ್ತದೆಂದು ನಾವೆಲ್ಲ ಎಣಿಸುತ್ತೇವೆ. ಹಾಗಲ್ಲ, ನಿದ್ರಿಸುವುದಕ್ಕೂ ಎಚ್ಚರಗೊಳ್ಳುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳುಂಟೆಂದು ರೋಗಿಗಳ ಮಿದುಳನ್ನೇ ಪರೀಕ್ಷಿಸಿ ತೋರಿಸಿಕೊಟ್ಟ ಮಹನೀಯರು ವಿಯೆನ್ನಾ ನಗರದ ಕಾನ್‌ಸ್ಟಂಟೀನ್ ಫಾನ್ ಎಕೊನೊಮೊ.

ಅವರು 1876ರ ಆಗಸ್ಟ್ 21ರಂದು ರುಮೇನಿಯದ ಬ್ರೈಲಾ ಪಟ್ಟಣದಲ್ಲಿ ಜನಿಸಿದರು. ಬೆಳೆದದ್ದು ಆಗ ಆಸ್ಟ್ರಿಯಕ್ಕೆ ಸೇರಿದ್ದ ಟ್ರಿಯೆಸ್ಟ್ ರೇವಿನಲ್ಲಿ. ಗ್ರೀಕ್ ಮೂಲದ ಮನೆ, ಇಟಾಲಿಯನ್ ಆಡುವ ಊರು, ಜರ್ಮನ್ ಶಾಲೆ. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಈ ಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗ ಇಂಜಿನಿಯರಾಗಲೆಂದು ತಂದೆಯ ಆಸೆ. (ಈ ಆಸೆಯೂ ನಮ್ಮ ಮನೆಗಳಿಗೆ ಹೊಸದಲ್ಲ!) ಎರಡು ವರ್ಷ ಅದನ್ನೇ ಓದಿ, ಬಳಿಕ ವೈದ್ಯಶಾಸ್ತ್ರಕ್ಕೆ ತಿರುಗಿ 1901ರಲ್ಲಿ ಪದವಿ ಪಡೆದರು. ಯಂತ್ರದ ಮೋಹ ಮಾತ್ರ ಬಿಡಲಿಲ್ಲ. ಆಸ್ಟ್ರಿಯದ ಮೊದಮೊದಲ ವಿಮಾನ ಚಾಲಕರಲ್ಲಿ ಅವರೂ ಒಬ್ಬರು. ಮೊದಲ ಮಹಾಯುದ್ಧದಲ್ಲಿಯೂ ವಿಮಾನ ನಡೆಸಿ, ಮುಂದೆ ವಿಯೆನ್ನಾಕ್ಕೆ ಮರಳಿ ತಲೆಗೆ ಪೆಟ್ಟುಬಿದ್ದ ಸೈನಿಕರ ಶುಶ್ರೂಷೆಗೆ ನಿಂತರು.

1916–17ರ ಚಳಿಗಾಲದಲ್ಲಿ ಅವರ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರತೊಡಗಿದರು. ತಲೆನೋವು, ಜ್ವರ, ಅನಂತರ ನಿದ್ರೆ. ಊಟ ಮಾಡುತ್ತಲೇ, ತುತ್ತು ಬಾಯಲ್ಲಿರುವಾಗಲೇ ನಿದ್ರೆ ಹೋಗುವರು. ಎಬ್ಬಿಸಿದರೆ ಸರಿಯಾಗಿ ಉತ್ತರ ಕೊಟ್ಟು, ಬಿಟ್ಟೊಡನೆ ಮತ್ತೆ ಮಲಗುವರು. ಕೆಲವರದು ಇದಕ್ಕೆ ತದ್ವಿರುದ್ಧ. ರಾತ್ರಿಯೆಲ್ಲ ಕಣ್ಣಿಗೆ ನಿದ್ರೆಯೇ ಹತ್ತದು. ಒಬ್ಬೊಬ್ಬರಿಗೆ ಒಂದೊಂದು ರೋಗದ ಹೆಸರು ಬಿದ್ದಿತ್ತು, ಯಾವುದೂ ಹೊಂದುತ್ತಿರಲಿಲ್ಲ. 1890ರ ಸುಮಾರಿಗೆ ಇಟಲಿಯಲ್ಲಿ ಹಬ್ಬಿದ್ದ ನೋನಾ ಎಂಬ ನಿದ್ರಾರೋಗದ ಮಾತನ್ನು ಎಕೊನೊಮೊ ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ್ದರು. ಅದು ಈಗ ನೆನಪಾಯಿತು. ಇವೆಲ್ಲ ಒಂದೇ ರೋಗವೆಂದು 1917ರ ಏಪ್ರಿಲ್‌ನಲ್ಲಿ ಅವರು ವೈದ್ಯರ ಸಭೆಯ ಮುಂದಿಟ್ಟರು. ಎನ್ಸೆಫಲೈಟಿಸ್ ಲೆಥಾರ್ಜಿಕಾ ಎಂದು ಹೆಸರಿಟ್ಟರು.

ಮದ್ದು ಮಾತ್ರ ಅವರಲ್ಲಿರಲಿಲ್ಲ. ಸತ್ತವರ ಮಿದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುವುದಷ್ಟೇ ಉಳಿದಿತ್ತು. ಸದಾ ನಿದ್ರಿಸುತ್ತಿದ್ದವರಲ್ಲಿ ಮಿದುಳಿನ ತಳದ ಹೈಪೊಥಲಮಸ್‌ನ ಹಿಂಭಾಗ, ಅದು ನಡುಮಿದುಳಿಗೆ ಸೇರುವ ಎಡೆ, ಕೆಟ್ಟಿತ್ತು. ನಿದ್ರೆಗೆಟ್ಟವರಲ್ಲಿ ಅದೇ ಹೈಪೊಥಲಮಸ್‌ನ ಮುಂಭಾಗ ಹಾಳಾಗಿತ್ತು. ಹಾಗಾದರೆ ಹಿಂದಿನದು ಎಚ್ಚರವನ್ನು ಕಾಯುವ ಎಡೆ, ಮುಂದಿನದು ನಿದ್ರೆಯನ್ನು ತರುವ ಎಡೆ ಎಂದು ಅವರು ತೀರ್ಮಾನಿಸಿದರು. ಸಂಜೆ ಲೆಕ್ಕ ತಾಳೆಯಾಗದಾಗ ವ್ಯತ್ಯಾಸದ ಬೆನ್ನು ಹಿಡಿದು ತಪ್ಪು ಬಿದ್ದ ಪುಟಕ್ಕೇ ಹೋಗುವ ನಮ್ಮಂಥ ಬ್ಯಾಂಕಿನವರಿಗೆ ಈ ಕ್ರಮ ಬಹಳ ಹಿಡಿಸುತ್ತದೆ. ಆದರೆ ನಮ್ಮ ಪುಟಗಳಲ್ಲಿ ಯಾರೂ ಸತ್ತಿರುವುದಿಲ್ಲ.

ರೋಗ ಲೋಕವೆಲ್ಲ ಹಬ್ಬಿ, ಲಕ್ಷಗಟ್ಟಲೆ ಜನರನ್ನು ಕಾಡಿ, 1920ರ ದಶಕದ ಕೊನೆಗೆ ಬಂದಂತೆಯೇ ಮರೆಯಾಯಿತು. ಅದರ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಬದುಕುಳಿದವರಲ್ಲಿ ಅನೇಕರು ಮೈ ಮರಗಟ್ಟಿ, ಮಾತಿಲ್ಲದೆ, ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಕುಳಿತರು. ಅಂಥ ಕೆಲವರನ್ನು 1969ರಲ್ಲಿ ನ್ಯೂಯಾರ್ಕಿನ ವೈದ್ಯ ಆಲಿವರ್ ಸ್ಯಾಕ್ಸ್ ಎಲ್-ಡೋಪಾ ಔಷಧದಿಂದ ಎಚ್ಚರಿಸಿದರು. ಹಲವರಿಗೆ ಆ ಚೇತನ ಹೆಚ್ಚು ಕಾಲ ನಿಲ್ಲಲಿಲ್ಲ.

1925ರಲ್ಲಿ ಎಕೊನೊಮೊ ಅವರು ಕೊಸ್ಕಿನಾಸ್ ಅವರೊಡನೆ ಮಿದುಳಿನ ಹೊರಪದರದ ಬೃಹತ್ ನಕಾಶೆಯನ್ನು ಪ್ರಕಟಿಸಿದರು. 1931ರಲ್ಲಿ ಮಿದುಳಿನ ಸಂಶೋಧನೆಗೆ ಪ್ರತ್ಯೇಕ ವಿಭಾಗ ದೊರೆತು, ಅದೇ ಅಕ್ಟೋಬರ್ 21ರಂದು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 55.

ಅವರು ತೋರಿಸಿದ ಮುಂದಿನ ಎಡೆಯಲ್ಲಿ, ನಿದ್ರೆಯ ವೇಳೆಯಲ್ಲೇ ಚುರುಕಾಗುವ ನರಕೋಶಗಳು 1996ರಲ್ಲಿ ಪತ್ತೆಯಾದವು. ಹಗಲಲ್ಲೇ ತಡೆಯಲಾಗದ ನಿದ್ರೆ ಕವಿಯುವ ನಾರ್ಕೊಲೆಪ್ಸಿಯ ಮೂಲವೂ ಹಿಂಭಾಗದಲ್ಲೇ ಇರಬೇಕೆಂದು ಅವರು ಊಹಿಸಿದ್ದರು. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ದ್ರವ್ಯ 1998ರಲ್ಲಿ ಹೈಪೊಥಲಮಸ್‌ನಲ್ಲಿ ಗೊತ್ತಾಯಿತು. 2000ದಲ್ಲಿ ಆ ರೋಗಿಗಳ ಮಿದುಳನ್ನು ನೋಡಿದಾಗ, ಅದನ್ನು ತಯಾರಿಸುವ ಕೋಶಗಳು ಬಹುಮಟ್ಟಿಗೆ ಅಳಿದುಹೋಗಿದ್ದವು.