ವಣಿಕ ಕವಿ ಬನಾರಸೀದಾಸ

ಕ್ರಿ.ಶ. 1586ರಲ್ಲಿ ಜೌನಪುರದಲ್ಲಿ ಜನಿಸಿದ ಬನಾರಸೀದಾಸರು ರತ್ನವ್ಯಾಪಾರಿ ಖರಗಸೇನರ ಪುತ್ರರು. ತಂದೆ ಒಪ್ಪಿಸಿದ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳೊಡನೆ ಆಗ್ರಾ ಪೇಟೆಗೆ ಹೋದ ಇವರು, ಇಜಾರದ ಲಾಡಿಯಲ್ಲಿ ಕಟ್ಟಿಕೊಂಡಿದ್ದ ರತ್ನಗಳನ್ನೇ ಕಳೆದುಕೊಂಡರು. ಬಂಡವಾಳವೆಲ್ಲ ಕರಗಿತು. ಕಚೋರಿ ಮಾರುವವನೊಬ್ಬನು ತಿಂಗಳುಗಟ್ಟಲೆ ಕಡವಾಗಿ ಉಣಿಸಿದನು. ಅಂಗಡಿ ನಡೆಸಿದವರಿಗೆ ಈ ನಂಬಿಕೆಯ ಬೆಲೆ ತಿಳಿದೀತು. ಬರಿಗೈಯಲ್ಲಿ ಮಾವನ ಮನೆ ಸೇರಿದಾಗ ಧರ್ಮಪತ್ನಿಯು ಕೂಡಿಟ್ಟಿದ್ದ 20 ರೂಪಾಯಿಗಳನ್ನು ಕೈಗಿತ್ತು ಧೈರ್ಯ ತುಂಬಿದರು. ಆ ಸಾಧ್ವಿಯೂ ಅಕಾಲದಲ್ಲಿ ತೀರಿಕೊಂಡರು. ಮೂರು ವಿವಾಹಗಳಾದರೂ, ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ.

ಕುಂದಕುಂದಾಚಾರ್ಯರ ಗ್ರಂಥವನ್ನಾಧರಿಸಿ 1636ರಲ್ಲಿ ‘ಸಮಯಸಾರ ನಾಟಕ’ವನ್ನು ರಚಿಸಿದರು. 1641ರಲ್ಲಿ ತಮ್ಮ ಲಾಭನಷ್ಟಗಳನ್ನೂ ತಪ್ಪುಗಳನ್ನೂ ಮುಚ್ಚಿಡದೆ ಆತ್ಮಕಥೆ ಬರೆದು, ಮನುಷ್ಯಾಯುಷ್ಯವನ್ನು 110 ವರ್ಷವೆಂದೆಣಿಸಿ ಅದಕ್ಕೆ ‘ಅರ್ಧಕಥಾನಕ’ವೆಂದು ಹೆಸರಿಟ್ಟರು. ಉಳಿದರ್ಧವನ್ನು ಬರೆಯುವಷ್ಟು ಆಯುಷ್ಯ ಅವರಿಗೆ ಒದಗಲಿಲ್ಲ.