ರೇಡಿಯೋ ವಿಜ್ಞಾನಿ ಎಡ್ವಿನ್ ಆರ್ಮ್‌ಸ್ಟ್ರಾಂಗ್

ಆರ್ಮ್‌ಸ್ಟ್ರಾಂಗ್ ಅಂದ ಕೂಡಲೇ ನೀವೆಲ್ಲ ಚಂದ್ರನ ಮೇಲೆ ಕಾಲಿಟ್ಟವರು ಅಂತೀರಿ. ಅವರು ನೀಲ್ ಆರ್ಮ್‌ಸ್ಟ್ರಾಂಗ್. ನಾನು ಬರೆಯುತ್ತಿರುವುದು ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್ ಅವರ ವಿಷಯ. ರೇಡಿಯೋದಲ್ಲಿ ಒಂದು ಸ್ಟೇಷನ್ನಿನ ಮೇಲೆ ಇನ್ನೊಂದು ಬೀಳದೆ ಸ್ಪಷ್ಟವಾಗಿ ಕೇಳುವುದಕ್ಕೆ ಇವರೇ ಮುಖ್ಯ ಕಾರಣ.

ಇವರು 1890ನೇ ಇಸವಿ ಡಿಸೆಂಬರ್ 18ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಪುಸ್ತಕ ಪ್ರಕಾಶನದಲ್ಲಿ ಕೆಲಸಕ್ಕಿದ್ದರು. ತಾಯಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವರು. ಎಂಟನೇ ವಯಸ್ಸಿನಲ್ಲಿ ಇವರಿಗೆ ಕೊರಿಯಾ ಎಂಬ ಕಾಯಿಲೆ ಬಂತು. ಅದರಲ್ಲಿ ಕೈಕಾಲು, ಮುಖ ತಾವಾಗಿಯೇ ಅದುರುತ್ತವೆ. ಎರಡು ವರ್ಷ ಶಾಲೆ ಬಿಟ್ಟು ಮನೆಯಲ್ಲೇ ಓದಬೇಕಾಯಿತು. ಕಾಯಿಲೆ ವಾಸಿಯಾದರೂ ಉದ್ವೇಗ ಬಂದಾಗ ಭುಜ ಕುಣಿಯುವುದು, ಕತ್ತು ತಿರುಗುವುದು ಕೊನೆಯವರೆಗೂ ಹೋಗಲಿಲ್ಲ.

ಇಲ್ಲಿ ನನ್ನದೊಂದು ಮಾತು. ನನಗೆ ಮಾತು ತೊದಲುತ್ತದೆ. ಪಾಠ ಓದಲು ಎದ್ದು ನಿಂತರೆ ಕೆಲವರು ನಗುತ್ತಾರೆ. ಅದಕ್ಕೇ ಇವರ ಬಾಲ್ಯದ ಈ ಭಾಗವನ್ನು ನಾನು ಮೂರು ಸಲ ಓದಿದೆ. ಒಬ್ಬನೇ ಇರುವುದು ಇವರಿಗೆ ಅಭ್ಯಾಸವಾಯಿತು. ಆ ಒಂಟಿತನದಲ್ಲೇ ತಂತಿ, ಬ್ಯಾಟರಿ, ಸುರುಳಿ ಹಿಡಿದು ಕೂತರು.

ಮುಂದೆ ಮನೆಯವರು ಯಾಂಕರ್ಸ್ ಎಂಬ ಊರಿಗೆ ಬಂದರು. ಮಾರ್ಕೋನಿಯವರ ಬಗ್ಗೆ ಓದಿ ಇವರಿಗೂ ರೇಡಿಯೋ ಹುಚ್ಚು ಹಿಡಿಯಿತು. ಅಟ್ಟವೇ ಪ್ರಯೋಗಶಾಲೆ. ಹಿತ್ತಲಲ್ಲಿ ತಾವೇ 125 ಅಡಿ ಎತ್ತರದ ಆಂಟೆನಾ ಕಂಬ ನಿಲ್ಲಿಸಿದರು. ಅದು ನಮ್ಮೂರಿನ ಎತ್ತರದ ತೆಂಗಿನಮರಕ್ಕಿಂತಲೂ ಎತ್ತರ! ಅದರ ತುದಿಗೆ ಹತ್ತುವುದಕ್ಕೆ ಇವರಿಗೆ ಒಂಚೂರೂ ಹೆದರಿಕೆ ಇರಲಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಇವರ ಗುರುಗಳು ಮೈಕೇಲ್ ಪ್ಯೂಪಿನ್. ಕೆಂಪು ಮೋಟಾರ್ ಸೈಕಲ್ಲಿನಲ್ಲಿ ದಿನಾ ಕಾಲೇಜಿಗೆ ಹೋಗಿ ಬರುತ್ತಿದ್ದರು. 1912ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ವಾಲ್ವಿನಿಂದ ಹೊರಬಂದ ಶಕ್ತಿಯಲ್ಲಿ ಸ್ವಲ್ಪವನ್ನು ಮತ್ತೆ ಅದರ ಬಾಯಿಗೇ ಕೊಟ್ಟು, ಸಣ್ಣ ಸಂಕೇತವನ್ನು ಬಹಳ ದೊಡ್ಡದು ಮಾಡಿದರು. ಪೇಟೆಂಟಿಗೆ ದುಡ್ಡು ಕೇಳಿದರೆ ಅಪ್ಪ ಮೊದಲು ಡಿಗ್ರಿ ಮುಗಿಸು ಅಂದುಬಿಟ್ಟರು. ಆಗ 1913ರ ಜನವರಿ 31ರಂದು ನಕ್ಷೆ ಬರೆದು ನೋಟರಿ ಮೊಹರು ಹಾಕಿಸಿಟ್ಟರು.

ಆಮೇಲೆ ಮೊದಲನೇ ಮಹಾಯುದ್ಧ. ಇವರು ಅಮೆರಿಕದ ಸೈನ್ಯ ಸೇರಿ ಫ್ರಾನ್ಸಿನ ಪ್ಯಾರಿಸ್ಸಿಗೆ ಹೋದರು. ಸೆಕೆಂಡಿಗೆ ಬಹಳ ಹೆಚ್ಚು ಸಲ ಕಂಪಿಸುವ ಅಲೆಗಳನ್ನು ದೊಡ್ಡದು ಮಾಡುವ ಶಕ್ತಿ ಆಗಿನ ವಾಲ್ವುಗಳಿಗೆ ಇರಲಿಲ್ಲ. ಹಾಗಾದರೆ ಅಲೆಯನ್ನೇ ವಾಲ್ವಿಗೆ ತಕ್ಕಂತೆ ಕೆಳಕ್ಕೆ ಇಳಿಸಿದರೆ ಹೇಗೆ? 1918ರಲ್ಲಿ ಅವರು ಮಾಡಿದ್ದು ಇದನ್ನೇ. ಇದರ ಹೆಸರು ಸೂಪರ್‌ಹೆಟರೊಡೈನ್. ಎರಡು ಅಲೆ ಬೆರೆಸುವ ಯೋಚನೆ 1901ರಲ್ಲೇ ಫೆಸೆಂಡೆನ್ ಎಂಬುವರಿಗೆ ಬಂದಿತ್ತು. ಫ್ರಾನ್ಸಿನ ಲೂಸಿಯನ್ ಲೆವಿ ಕೂಡ ಇದೇ ದಾರಿಯಲ್ಲಿದ್ದರು.

ಇಲ್ಲಿ ಮಿಕ್ಸರ್ ಅಂದರೆ ಚಟ್ನಿ ರುಬ್ಬುವ ಮಿಕ್ಸಿ ಅಲ್ಲ, ಎರಡು ಅಲೆ ಬೆರೆಸುವ ಭಾಗ. ಭಜನೆಯಲ್ಲಿ ಹಾರ್ಮೋನಿಯಂ ಶ್ರುತಿ ಸ್ವಲ್ಪ ತಪ್ಪಿದಾಗ ವಂವ್ ವಂವ್ ಎಂದು ಕೇಳುತ್ತಲ್ಲ? ಒಂದು ಸ್ವರ ಸೆಕೆಂಡಿಗೆ 200 ಸಲ, ಇನ್ನೊಂದು 203 ಸಲ ಕಂಪಿಸಿದರೆ, ವಂವ್ ಎನ್ನುವುದು ಸೆಕೆಂಡಿಗೆ 3 ಸಲ. ಅಂದರೆ ಎರಡರ ವ್ಯತ್ಯಾಸ. ರೇಡಿಯೋದಲ್ಲಿ ಸುಮ್ಮನೆ ಕೂಡಿಸಿದರೆ ಸಾಲದು. ಡಯೋಡ್, ವಾಲ್ವ್ ಅಥವಾ ಟ್ರಾನ್ಸಿಸ್ಟರಿನ ಮೂಲಕ ಹಾಯಿಸಿದರೆ ಮಾತ್ರ ವ್ಯತ್ಯಾಸದ ಹೊಸ ಅಲೆ ಹುಟ್ಟುತ್ತದೆ.

ಈಗ ಲೆಕ್ಕ ನೋಡಿ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ನಂಬರು 612 ಕಿಲೋಹರ್ಟ್ಸ್. ಆ ಸ್ಟೇಷನ್ ಹಚ್ಚಿದಾಗ ರೇಡಿಯೋದ ಒಳಗೇ 1067ರ ಅಲೆ ತಯಾರಾಗುತ್ತದೆ. 1067ರಲ್ಲಿ 612 ಕಳೆದರೆ 455. ಧಾರವಾಡದ ನಂಬರು 765. ಆಗ ಒಳಗಿನ ಅಲೆ 1220. ಕಳೆದರೆ ಮತ್ತೆ 455! ಯಾವ ಸ್ಟೇಷನ್ ಹಾಕಿದರೂ 455 ಬರುವ ಹಾಗೆ ತಿರುಗುಗುಂಡಿ ಒಳಗಿನ ಅಲೆಯನ್ನು ಬದಲಿಸುತ್ತದೆ. ಮುಂದಿನ ಭಾಗಗಳು 455 ಒಂದನ್ನೇ ಚೆನ್ನಾಗಿ ಸೋಸಿ ದೊಡ್ಡದು ಮಾಡಿದರೆ ಸಾಕು. ಎಲ್ಲ ಊರಿನ ಕಾಳನ್ನೂ ಒಂದೇ ಜರಡಿಗೆ ತಂದ ಹಾಗೆ.

ಸಂತೆ ಬೀದಿಯ ರೇಡಿಯೋ ರಿಪೇರಿ ಮಾವ ಹಳೇ ಸೆಟ್ ಬಿಚ್ಚಿ ನನಗೆ ತೋರಿಸಿದರು. ಸಣ್ಣ ತಗಡಿನ ಡಬ್ಬಿಗಳು, ಅವುಗಳ ತಲೆಗೆ ಬಣ್ಣ. ಕೆಂಪಿನದು ಒಳಗಿನ ಅಲೆಗೆ, ಹಳದಿ, ಬಿಳಿ, ಕಪ್ಪು 455 ಸೋಸುವುದಕ್ಕೆ. ಮಿಕ್ಸರ್ ಆರಿಸುವಾಗ ಏನು ನೋಡಬೇಕು ಅಂತ ಕೇಳಿದೆ. ಡಯೋಡ್ ಮಿಕ್ಸರಿನಲ್ಲಿ ಬಂದ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ಉಳಿಯುತ್ತದಂತೆ, ಆದರೆ ಜೋರಾದ ಸ್ಟೇಷನ್ ಪಕ್ಕದಲ್ಲಿದ್ದರೂ ಅದು ತಡೆದುಕೊಳ್ಳುತ್ತದೆ. ಟ್ರಾನ್ಸಿಸ್ಟರ್ ಮಿಕ್ಸರ್ ಶಕ್ತಿ ಹೆಚ್ಚಿಸುತ್ತದೆ, ಆದರೆ ಬ್ಯಾಟರಿ ತಿನ್ನುತ್ತದೆ, ಜೋರು ಸ್ಟೇಷನ್ ಬಂದರೆ ಸುಳ್ಳು ಶಬ್ದವೂ ಹುಟ್ಟಬಹುದು. ಇನ್ನೊಂದು ತೊಂದರೆ ಇದೆ. 1522ರಲ್ಲಿ ಯಾವುದಾದರೂ ಸ್ಟೇಷನ್ ಇದ್ದರೆ ಅದರಲ್ಲಿ 1067 ಕಳೆದರೂ 455 ಬರುತ್ತದೆ! ಅದಕ್ಕೇ ಮಿಕ್ಸರಿಗೆ ಮುಂಚೆಯೇ ಬೇಡದ್ದನ್ನು ತಡೆಯುವ ಸುರುಳಿ ಇರಬೇಕು.

1923ರಲ್ಲಿ ಇವರು ಮೇರಿಯನ್ ಮ್ಯಾಕಿನ್ನಿಸ್ ಅವರನ್ನು ಮದುವೆಯಾದರು. ಮದುವೆಯ ಉಡುಗೊರೆ ಏನು ಗೊತ್ತೇ? ಎತ್ತಿಕೊಂಡು ಹೋಗಬಹುದಾದ ಸೂಪರ್‌ಹೆಟರೊಡೈನ್ ರೇಡಿಯೋ. 1933ರಲ್ಲಿ ಎಫ್‌ಎಂ ವಿಧಾನಕ್ಕೆ ಪೇಟೆಂಟ್ ಪಡೆದರು. 1935ರಲ್ಲಿ ಇಂಜಿನಿಯರುಗಳ ಸಭೆಯಲ್ಲಿ ಅದನ್ನು ತೋರಿಸಿದಾಗ ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದ ಮುದುರುವ ಸದ್ದು ಕೂಡ ಗರಗರ ಇಲ್ಲದೆ ಕೇಳಿಸಿತು.

ಆದರೆ ಇವರ ಬಾಳು ಸುಖವಾಗಿರಲಿಲ್ಲ. ಮೊದಲ ಸಂಶೋಧನೆ ತನ್ನದೆಂದು ಲೀ ಡಿ ಫಾರೆಸ್ಟ್ ಎಂಬುವರು ಕೋರ್ಟಿಗೆ ಹೋದರು. 1934ರಲ್ಲಿ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರವಾಗಿ ತೀರ್ಪು ಕೊಟ್ಟಿತು. ಬೇಸರವಾಗಿ ರೇಡಿಯೋ ಇಂಜಿನಿಯರುಗಳ ಸಂಘ ಕೊಟ್ಟಿದ್ದ ಪದಕವನ್ನು ವಾಪಸ್ ಕೊಡಲು ಹೋದರು. ಸಂಘದವರು ತೆಗೆದುಕೊಳ್ಳಲಿಲ್ಲ, ಅದು ನಿಮ್ಮದೇ ಎಂದರು. 1945ರಲ್ಲಿ ಸರ್ಕಾರ ಎಫ್‌ಎಂ ಜಾಗವನ್ನೇ 88ರಿಂದ 108 ಮೆಗಾಹರ್ಟ್ಸ್‌ಗೆ ಬದಲಿಸಿತು, ಹಳೇ ಸೆಟ್ಟುಗಳೆಲ್ಲ ಮೂಲೆ ಸೇರಿದವು. 1948ರಲ್ಲಿ ಆರ್‌ಸಿಎ ಕಂಪನಿಯ ಮೇಲೆ ದಾವೆ ಹೂಡಿದರು. ವರ್ಷಗಟ್ಟಲೆ ಅಲೆದು ದುಡ್ಡು, ಆರೋಗ್ಯ, ಮನೆಯ ನೆಮ್ಮದಿ ಎಲ್ಲ ಹೋಯಿತು. 1954ರ ಜನವರಿ 31ರ ರಾತ್ರಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ನಕ್ಷೆಗೆ ಮೊಹರು ಹಾಕಿಸಿದ ದಿನಕ್ಕೆ ಸರಿಯಾಗಿ 41 ವರ್ಷ.

ಇದನ್ನು ಬರೆಯಲೋ ಬೇಡವೋ ಅಂತ ಅಮ್ಮನನ್ನು ಕೇಳಿದೆ. ಬರೆ, ಆದರೆ ಎಷ್ಟೇ ಕಷ್ಟ ಬಂದರೂ ಮನೆಯವರ ಹತ್ತಿರವೋ ಗುರುಗಳ ಹತ್ತಿರವೋ ಹೇಳಿಕೊಳ್ಳಬೇಕು ಅಂತಲೂ ಬರೆ ಅಂದರು. ಯಾಕಂದರೆ ಅವರು ಹೋದ ಮೇಲೆ ಮೇರಿಯನ್ ಅವರು ಬಿಡಲಿಲ್ಲ. ಒಂದೊಂದೇ ಕಂಪನಿಯ ಮೇಲೆ ಹೋರಾಡಿ, 1967ರಲ್ಲಿ ಕೊನೆಯ ಮೊಕದ್ದಮೆಯನ್ನೂ ಗೆದ್ದರು. ಆ ಗೆಲುವು ನೋಡಲು ಆರ್ಮ್‌ಸ್ಟ್ರಾಂಗ್ ಇರಲಿಲ್ಲವಲ್ಲ ಎಂದು ನನಗೆ ಬಹಳ ದುಃಖವಾಯಿತು.

ಇಂದು ಮೊಬೈಲ್ ಫೋನಿನ ಒಳಗೂ ಅಲೆ ಬೆರೆಸುವ ಮಿಕ್ಸರ್ ಇದೆ. ಗೆಳೆಯರೇ, ಮನೆಯಲ್ಲಿ ಹಳೇ ರೇಡಿಯೋ ಇದ್ದರೆ ಸ್ಟೇಷನ್ ನಂಬರಿಗೆ 455 ಕೂಡಿಸಿ ಒಳಗಿನ ಅಲೆ ಎಷ್ಟೆಂದು ಲೆಕ್ಕ ಮಾಡಿ, ಈ ಹಾಳೆಯ ಕೆಳಗೆ ಬಿಟ್ಟಿರುವ ಜಾಗದಲ್ಲಿ ಬರೆಯಿರಿ.

ಏಳನೇ ತರಗತಿ